ಮೂರು ಬದಿಯ ಬೆಳಕು

ಹೆಡ್ ಕಾನ್‌ಸ್ಟೇಬಲ್ ಕಲ್ಲೇಶ್ ಕಾಫಿ ಮೂಟೆಗಳ ರಾಶಿ ಹತ್ತಿ ನಿಂತು ಖಾಲಿ ಗೋಣಿಚೀಲವೊಂದನ್ನು ಯಾರ್ಡಿನ ಟಿವಿಯ ಮೇಲೆ ಹೊದಿಸಿದರು. ಕೆಳಗಿದ್ದ ಮುದುಕಿ ಅದರ ತುದಿ ಹಿಡಿದು ಎಳೆದಳು. ಚೀಲ ಜಾರಿ ಬಿತ್ತು. ಹೆಡ್ ಕಾನ್‌ಸ್ಟೇಬಲ್ ಮತ್ತೆ ಹೊದಿಸಿದರು, ಮುದುಕಿ ಮತ್ತೆ ಎಳೆದಳು. ಯಾರ್ಡಿನಲ್ಲಿದ್ದವರು ಸಿಳ್ಳೆ ಹೊಡೆದರು.

"ಅಮ್ಮಾ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ಬೇಡಿ."

"ಗೋಣಿ ಹೊದ್ಸೋದು ಯಾವಾಗ ಸರ್ಕಾರಿ ಕೆಲಸ ಆಯ್ತು ಮಾರಾಯಾ? ನನ್ನ ಕಾಫಿ ಬರ್ತಿದೆ ಅದ್ರಲ್ಲಿ. ನೋಡ್ಲಿಕ್ಕೆ ಬಿಡು."

"ಕಲ್ಲೇಶ್, ಇಳೀರಿ." ಗೇಟಿನ ಬಳಿ ಜೀಪಿನಿಂದ ಇಳಿದ ಇನ್‌ಸ್ಪೆಕ್ಟರ್ ಹಾಲೇಶ್ ಕೂಗಿದರು. "ಮುಚ್ಚೋಕೆ ಯಾರು ಹೇಳಿದ್ದು?"

"ಮಲ್ಲಿಕಾರ್ಜುನಪ್ಪನವ್ರು ಸರ್."

"ಅವ್ರು ದೂರುದಾರರು. ನಿಮ್ಮ ಸಾಹೇಬ್ರಲ್ಲ. ಅದು ಸಾಕ್ಷ್ಯ, ಹಾಗೇ ಬಿಡಿ."

ಟಿವಿಯಲ್ಲಿ ಒಂದೇ ತಟ್ಟೆ ಕಾಫಿ ಬೀಜದ ಮೂರು ಚಿತ್ರಗಳು ಸಾಲಾಗಿ ನಿಂತಿದ್ದವು. ಮೇಲೆ ಆ ಮುದುಕಿಯ ಹೆಸರು, ಊರು: 'ತಿಮ್ಮಮ್ಮ, ಮಲ್ಲಂದೂರು'. ಮೊದಲ ಚಿತ್ರದಲ್ಲಿ ಹಲವು ಬೀಜಗಳ ಸುತ್ತ ಕೆಂಪು ಗೆರೆ. ಎರಡನೆಯದರಲ್ಲಿ ಗೆರೆಗಳು ಬೇರೆ ಬೀಜಗಳ ಮೇಲೆ. ಮೂರನೆಯದರಲ್ಲಿ ಇನ್ನೂ ಬೇರೆ. ಮೂರರಲ್ಲೂ ಕೆಂಪಾಗಿದ್ದದ್ದು ಎರಡೋ ಮೂರೋ ಬೀಜ ಮಾತ್ರ.

ವಸ್ತಾರೆ ರಸ್ತೆಯ ಆ ಕ್ಯೂರಿಂಗ್ ವರ್ಕ್ಸ್‌ನ ಮಾಲೀಕ ಮಲ್ಲಿಕಾರ್ಜುನಪ್ಪ ಅಂದು, ಫೆಬ್ರವರಿ ಹನ್ನೊಂದರ ಬೆಳಿಗ್ಗೆ 9.40ಕ್ಕೆ, ಠಾಣೆಗೆ ಬಂದು ಲಿಖಿತ ದೂರು ಕೊಟ್ಟಿದ್ದರು. ಸುತ್ತಲಿನ ಬೆಳೆಗಾರರಿಂದ ಕಾಫಿ ಕೊಂಡು, ಹದ ಮಾಡಿ, ರಫ್ತುದಾರರಿಗೆ ಮಾರುವುದು ಅವರ ವ್ಯವಹಾರ. ಬೀಜದಲ್ಲಿ ಕಾಯಿಕೊರಕ ಹುಳುವಿನ ತೂತು ಎಷ್ಟಿದೆ ಎಂದು ಎಣಿಸುವ ಕ್ಯಾಮೆರಾದ ಸಾಫ್ಟ್‌ವೇರನ್ನು ಯಾರೋ ಅಪರಿಚಿತರು ಕೆಡಿಸಿದ್ದಾರೆ, ದಿನದ ರೇಟು ತೋರಿಸುತ್ತಿದ್ದ ಯಾರ್ಡಿನ ಟಿವಿಯಲ್ಲಿ ಒಳಗಿನ ಚಿತ್ರಗಳನ್ನು ಬಿಡುತ್ತಿದ್ದಾರೆ ಎಂಬುದು ದೂರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು.

"ಅನುಮಾನ ಯಾರ ಮೇಲೆ?" ಲ್ಯಾಬಿನ ಬಾಗಿಲಲ್ಲಿ ಹಾಲೇಶ್ ಕೇಳಿದರು.

"ಬೆಂಗಳೂರಿನ ಇಂಜಿನಿಯರ್ ಮೇಲೆ. ಹೋದ ವರ್ಷ ಕೆಲಸ ಮಾಡ್ಕೊಟ್ಟು ಜಗಳ ಮಾಡ್ಕೊಂಡು ಹೋದ. ಅಲ್ಲಿಂದ್ಲೇ ಒಳಗೆ ಬಂದಿರ್ತಾನೆ." ಮಲ್ಲಿಕಾರ್ಜುನಪ್ಪ ಟಿವಿಯ ಕಡೆಗೇ ನೋಡುತ್ತಿದ್ದರು. "ಸಂಜೆಯೊಳಗೆ ಮೊದಲಿನ ಹಾಗೆ ಮಾಡ್ಕೊಳ್ತೇನೆ ಸಾರ್. ಮಾಲು ನಿಂತಿದೆ."

"ಆಗಲ್ಲ. ಕಂಪ್ಯೂಟರ್ ಇನ್ನು ನಿಮ್ಮವ್ರು ಯಾರೂ ಮುಟ್ಟೋ ಹಾಗಿಲ್ಲ. ಡಿಸ್ಕ್ ಸೀಲ್ ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸ್ತೇವೆ."

"ಪೂರ್ತಿ ಡಿಸ್ಕಾ?"

"ಪೂರ್ತಿ."

ಮಲ್ಲಿಕಾರ್ಜುನಪ್ಪನವರ ಕಣ್ಣು ಟಿವಿಯಿಂದ ಕಂಪ್ಯೂಟರಿನತ್ತ ಹೊರಳಿತು. ಹಾಲೇಶರ ಜೊತೆಗಿದ್ದ ಕಾನ್‌ಸ್ಟೇಬಲ್ ಕವನಾ ಅದನ್ನು ಗಮನಿಸಿದಳು.

ಎದುರಿನ ಹೋಟೆಲಿನವರೂ ಪಕ್ಕದ ಗ್ಯಾರೇಜಿನವರೂ ಪಂಚರಾಗಿ ಬಂದರು. ಪಂಚನಾಮೆ ಶುರುವಾಯಿತು. ಯಂತ್ರದ ಪರಿಚಯ ಮಾಡಿಕೊಟ್ಟವನು ಅಲ್ಲಿ ಲೆಕ್ಕ ಬರೆಯುವ ರೈಟರ್ ಧರ್ಮೇಶ್. ಆ ಕ್ಯಾಮೆರಾ ಮದುವೆ ಫೋಟೋ ತೆಗೆಯುವಂಥದ್ದಲ್ಲ. ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಜೋಡಿಸುವ, ಒಂದು ಗುಂಡಿಯೂ ಇಲ್ಲದ ಕಪ್ಪು ಡಬ್ಬಿ. ಕೆಳಗೆ ಬೀಜ ಹರಡುವ ತಟ್ಟೆ, ಸುತ್ತ ಮೂರು ದೀಪ.

"ಕ್ಯಾಮೆರಾಗೆ ತಾನಾಗಿ ಏನೂ ಗೊತ್ತಾಗಲ್ಲ ಸರ್. ಯಾವ ದೀಪ ಹತ್ಬೇಕು, ಯಾವಾಗ ಫೋಟೋ ತೆಗೀಬೇಕು, ಎಲ್ಲಾ ಹೇಳೋದು ಒಂದು ಪ್ಲಗಿನ್. ದೊಡ್ಡ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ನಮ್ಮ ಕ್ಯಾಮೆರಾ, ನಮ್ಮ ದೀಪ ಅದ್ರ ಮಾತು ಕೇಳ್ಬೇಕಂದ್ರೆ ಈ ಚಿಕ್ಕದನ್ನ ನಾವೇ ಬರೆದು ಸೇರಿಸ್ಬೇಕು."

"ಬರೆದೋರು?"

"ಯಜಮಾನ್ರ ಮಗಳು ಧನ್ಯಾ ಅವ್ರು. ಲ್ಯಾಬ್ ನೋಡ್ಕೊಳ್ಳೋದೂ ಅವ್ರೇ. ಹೋದ ವರ್ಷ ಯಜಮಾನ್ರು ಇಂಜಿನಿಯರ್ ಕೈಲಿ ಅದನ್ನ ಸ್ವಲ್ಪ... ಸರಿ ಮಾಡ್ಸಿದ್ರು."

"ಕೆಟ್ಟಿತ್ತಾ?"

ಧರ್ಮೇಶ್ ತಟ್ಟೆ ಒರೆಸತೊಡಗಿದ. ಅದು ಮೊದಲೇ ಹೊಳೆಯುತ್ತಿತ್ತು.

ಇಂಜಿನಿಯರಿಗೆ ಫೋನ್ ಹೋಯಿತು. ಜಗಳವಾದ ಮೇಲೆ ತನ್ನ ಪಾಸ್‌ವರ್ಡ್ ತೆಗೆದುಹಾಕಿದ್ದಾರೆ ಎಂದ. ಕಂಪ್ಯೂಟರಿನ ದಾಖಲೆಯೂ ಅದನ್ನೇ ಹೇಳಿತು. ಭಾನುವಾರ ಮಧ್ಯಾಹ್ನ ಯಾರೋ ಲ್ಯಾಬಿನ ಆ ಕಂಪ್ಯೂಟರಿನ ಮುಂದೆಯೇ ಕೂತು ಹೊಸ ಪ್ಲಗಿನ್ ಸೇರಿಸಿದ್ದರು, ಹೊರಗಿನಿಂದಲ್ಲ. ಸೇರಿಸಿದ ಕೂಡಲೇ ಪರೀಕ್ಷೆಗೆಂದು ಒಂದು ತಟ್ಟೆಯ ಚಿತ್ರ ತೆಗೆದಿದ್ದರು.

ಕವನಾ ಆ ಚಿತ್ರವನ್ನು ದೊಡ್ಡದು ಮಾಡಿದಳು. ಮತ್ತೂ ದೊಡ್ಡದು ಮಾಡಿದಳು.

"ಸರ್, ಇಲ್ಲಿ ಮೂರು ಬೀಜ ಅರ್ಧ ಆಗಿದೆ. ಮಿಷಿನ್ನಲ್ಲಿ ಒಡೆದಿದ್ದಲ್ಲ ಇದು."

ಹಾಲೇಶ್ ಬಗ್ಗಿ ನೋಡಿದರು. ಮುರಿದ ಅಂಚಿನ ಪಕ್ಕ ಸಣ್ಣ ತಗ್ಗು. ಅವರು ಕಳಸದ ಕಡೆಯವರು. ಮನೆಯ ಕಣದಲ್ಲಿ ಅಂಥ ಬೀಜಗಳನ್ನು ಎಷ್ಟೋ ಆರಿಸಿದವರು. ಕಾಫಿ ಒಣಗಿದೆಯೋ ಇಲ್ಲವೋ ಎಂದು ಬೆಳೆಗಾರ ಬೀಜ ಕಚ್ಚುತ್ತಾನೆ, ಕಚ್ಚಿದ್ದನ್ನು ನೋಡುತ್ತಾನೆ, ಅದೇ ರಾಶಿಗೆ ವಾಪಸ್ ಎಸೆಯುತ್ತಾನೆ. ತೇವ ಅಳೆಯುವ ಮೀಟರ್ ಪಕ್ಕದಲ್ಲೇ ಇದ್ದರೂ ಕಚ್ಚುತ್ತಾನೆ.

"ಧರ್ಮೇಶ್, ಬಾಯಿ ತೆಗಿ ನೋಡಾಣ."

ಧರ್ಮೇಶ್ ತೆಗೆದ. ಮುಂದಿನ ಹಲ್ಲು ಎರಡೂ ಇರಲಿಲ್ಲ. "ಹೋದ ಮಳೆಗಾಲ ಬೈಕಿಂದ ಬಿದ್ದೆ ಸರ್. ಈಗ ಚಕ್ಕುಲಿನೂ ಆಗಲ್ಲ."

ಕವನಾ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

ಧನ್ಯಾಳನ್ನು ಮಧ್ಯಾಹ್ನ ಎರಡಕ್ಕೆ ವಿಚಾರಿಸಿದರು. ಜೀನ್ಸ್ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಬಂದವಳು ಕೇಳುವ ಮೊದಲೇ ಕುಳಿತಳು. ಮೇಜಿನ ಮೇಲೆ ಮಾದರಿ ಕಾಫಿಯ ತಟ್ಟೆಯಿತ್ತು.

"ಭಾನುವಾರ ಎಲ್ಲಿದ್ರಿ?"

"ಇಲ್ಲೇ."

"ರಜಾ ಅಲ್ವಾ?"

"ಕೂಲಿಯವ್ರಿಗೆ ರಜಾ."

"ಜೊತೆಗೆ ಯಾರಿದ್ರು?"

"ನಾಯಿ."

ಹೇಳುತ್ತಲೇ ತಟ್ಟೆಗೆ ಕೈಹಾಕಿ ಒಂದು ಬೀಜ ಬಾಯಿಗಿಟ್ಟಳು. ಕಟಕ್ ಎಂದಿತು. ಅದನ್ನು ತೆಗೆದು ನೋಡಿ ತಟ್ಟೆಗೆ ಹಾಕಿದಳು. ಕವನಾ ಇನ್‌ಸ್ಪೆಕ್ಟರರ ಮುಖ ನೋಡಿದಳು. ಹಾಲೇಶ್ ಪರದೆಯನ್ನು ಧನ್ಯಾಳ ಕಡೆ ತಿರುಗಿಸಿದರು.

ಅವಳು ತುಸು ಹೊತ್ತು ನೋಡಿ ಜೋರಾಗಿ ನಕ್ಕಳು. "ಅಯ್ಯೋ! ಅಪ್ಪ ಕಲಿಸಿದ ಚಾಳಿ."

"ಇದೊಂದರಿಂದ ಏನೂ ಸಾಬೀತಾಗಲ್ಲ. ಬೇಡ ಅಂದ್ರೆ ನೀವು ಉತ್ತರ ಹೇಳ್ಬೇಕಾಗಿಲ್ಲ."

"ನಾನೇ ಮಾಡಿದ್ದು. ಬರ್ಕೊಳ್ಳಿ."

ಪೆನ್ನು ಹಿಡಿದಿದ್ದ ಕಲ್ಲೇಶ್ ತಲೆಯೆತ್ತಿದರು.

"ಮೂರು ದೀಪ ಯಾಕೆ ಅಂತ ಕೇಳಿ," ಎಂದಳು ಧನ್ಯಾ. "ಬೀಜದಲ್ಲಿ ಸೀಳಿರುತ್ತೆ, ಸುಕ್ಕಿರುತ್ತೆ. ಒಂದು ಬದಿಯಿಂದ ಬೆಳಕು ಬಿಟ್ರೆ ಅದ್ರ ನೆರಳೂ ತೂತಿನ ಹಾಗೆ ಕಾಣುತ್ತೆ. ಬೆಳಕು ತಿರುಗಿಸಿದ್ರೆ ನೆರಳು ಜಾಗ ಬಿಡುತ್ತೆ, ತೂತು ಬಿಡಲ್ಲ. ಮೂರು ಚಿತ್ರದಲ್ಲೂ ಇದ್ರೆ ಮಾತ್ರ ಎಣಿಸು ಅಂತ ನಾನು ಬರೆದಿದ್ದೆ. ಯಾವ ಒಂದರಲ್ಲಿ ಕಂಡ್ರೂ ಎಣಿಸು ಅಂತ ಆ ಇಂಜಿನಿಯರ್ ಬದಲಾಯಿಸಿದ. ಹೋದ ಸೀಸನ್ ಪೂರ್ತಿ ನಾವು ನೆರಳು ಎಣಿಸಿ ಜನರ ಕಾಫಿ ರೇಟಿಗೆ ಕತ್ತರಿ ಹಾಕಿದ್ದೇವೆ."

"ಅಪ್ಪನಿಗೆ ಹೇಳ್ಬಹುದಿತ್ತು."

"ಹೇಳಿದೆ. ವ್ಯಾಪಾರದಲ್ಲಿ ನೆರಳಿಗೂ ತೂಕ ಇದೆ ಮಗಳೇ ಅಂದ್ರು."

"ಠಾಣೆಗೆ ಬರ್ಬಹುದಿತ್ತು."

"ಬಂದಿದ್ರೆ? ಅಪ್ಪ-ಮಗಳ ಜಗಳ, ಮನೇಲೇ ಕೂತು ಮಾತಾಡ್ಕೊಳ್ಳಿ ಅಂತ ಟೀ ಕುಡಿಸಿ ಕಳಿಸ್ತಿದ್ರಿ. ಅಪ್ಪ ದೂರು ಕೊಟ್ರೆ ಎಫ್‌ಐಆರ್. ಪಂಚರ ಮುಂದೆ ಡಿಸ್ಕ್ ಸೀಲ್. ಹೋದ ವರ್ಷದ ಒಬ್ಬೊಬ್ಬರ ತಟ್ಟೆದೂ ಮೂರು ಚಿತ್ರ ಅದ್ರಲ್ಲಿವೆ. ಎಣಿಕೆ ಬದಲಿಸಿದವ ಚಿತ್ರ ಅಳಿಸೋದು ಮರೆತ. ನಾನು ಕಾಪಿ ಮಾಡಿ ತಂದಿದ್ರೆ ನಾನೇ ಸೃಷ್ಟಿಸಿದ್ದು ಅಂತಿದ್ರು. ನೀವು ಹಿಡಿದದ್ದಕ್ಕೆ ಹಾಗನ್ನೋಕಾಗಲ್ಲ."

ಹೊರಗೆ ಯಾರ್ಡಿನಲ್ಲಿ ತಿಮ್ಮಮ್ಮನ ದನಿ ಏರಿತ್ತು. ಪಕ್ಕದವನಿಗೆ ನೆರಳನ್ನೂ ತೂತನ್ನೂ ಬೇರೆ ಮಾಡಿ ತೋರಿಸುತ್ತಿದ್ದಳು.

ಸಂಜೆ 5.15ಕ್ಕೆ ಠಾಣೆಯಲ್ಲಿ ಧನ್ಯಾಳ ದಸ್ತಗಿರಿ ದಾಖಲಾಯಿತು. ಜಾಮೀನು ಸಿಗುವ ಅಪರಾಧ. ಶ್ಯೂರಿಟಿ ಕೊಟ್ಟರೆ ಮನೆಗೆ ಹೋಗಬಹುದೆಂದು ಹಾಲೇಶ್ ತಿಳಿಸಿದರು. ಅವಳು ದಸ್ತಗಿರಿಯ ಜ್ಞಾಪನಾಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದಳು. ಮೊಹರು ಹಾಕಿದ ಡಿಸ್ಕ್ ಹಾಲೇಶರ ಮೇಜಿನ ಮೇಲಿತ್ತು. ಬೆಳಿಗ್ಗೆ ಅದು ಪ್ರಯೋಗಾಲಯಕ್ಕೆ ಹೊರಡಬೇಕು.

ಆಗ ಮಲ್ಲಿಕಾರ್ಜುನಪ್ಪ ಬಂದರು. ಕೈಯಲ್ಲಿ ಮಗಳ ಸ್ವೆಟರ್, ಹಿಂದೆ ವಕೀಲರು. ಬೆಳಗಿನ ಗತ್ತು ಉಳಿದಿರಲಿಲ್ಲ.

"ಸಾರ್, ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟೆ. ಅವಳು ನನ್ನ ಒಪ್ಪಿಗೆಯಿಂದ್ಲೇ ಮಾಡಿದ್ದು. ಅಪರಾಧವೇ ಅಲ್ಲ."

ವಕೀಲರು ಎರಡು ಹೇಳಿಕೆಗಳನ್ನು ಮೇಜಿನ ಮೇಲಿಟ್ಟರು. ಒಂದಕ್ಕೆ ಅಪ್ಪನ ಸಹಿ ಆಗಿತ್ತು. "ಮಗಳೂ ಹೀಗೇ ಹೇಳಿದ್ರೆ ನೀವು ಬಿ ರಿಪೋರ್ಟ್ ಹಾಕಿ ಕೇಸ್ ಮುಚ್ಬಹುದು. ಡಿಸ್ಕೂ ವಾಪಸ್ ಕೊಡ್ಬಹುದು."

ಹಾಲೇಶ್ ಧನ್ಯಾಳ ಕಡೆ ನೋಡಿದರು. "ನಿಮಗೆ ಬಿಟ್ಟಿದ್ದು. ಸಹಿ ಹಾಕಿದ್ರೆ ಕೇಸ್ ಇಲ್ಲಿಗೇ ಮುಗೀಬಹುದು. ಇಲ್ಲದಿದ್ರೆ ಮೂರು ವರ್ಷದವರೆಗೆ ಶಿಕ್ಷೆ ಇರೋ ಕಲಂ ಇದು. ಯೋಚ್ನೆ ಮಾಡಿ."

ಮಲ್ಲಿಕಾರ್ಜುನಪ್ಪ ಮಗಳ ಪಕ್ಕ ಕುಳಿತು ಸ್ವೆಟರನ್ನು ಅವಳ ತೊಡೆಯ ಮೇಲಿಟ್ಟರು.

"ಪುಟ್ಟೀ, ನಿನ್ನ ಅಮ್ಮ ಊಟ ಮಾಡಿಲ್ಲ. ರಫ್ತಿನವ್ರು ನಮಗೂ ಹೀಗೇ ಕತ್ತರಿ ಹಾಕ್ತಾರೆ, ಅದನ್ನ ಯಾರೂ ಟಿವಿಲಿ ತೋರ್ಸಲ್ಲ. ಇರ್ಲಿ. ನೀನು ಗೆದ್ದೆ. ನಾಳೆಯಿಂದ ನಿನ್ನ ಪ್ಲಗಿನ್ನೇ ಇರುತ್ತೆ, ಟಿವಿನೂ ಹಾಗೇ ಇರುತ್ತೆ. ಇವ್ರೆಲ್ಲರ ಎದುರಿಗೆ ಹೇಳ್ತಿದ್ದೇನೆ. ಅಪ್ಪನ ಒಪ್ಪಿಗೆ ಇತ್ತು ಅಂತ ಒಂದು ಮಾತು ಹೇಳು, ಸಾಕು."

"ಹೋದ ವರ್ಷದ್ದು?"

"ಮುಗಿದು ಹೋದದ್ದು ಯಾಕೆ ಈಗ."

ಧನ್ಯಾ ಸ್ವೆಟರ್ ತೊಟ್ಟಳು. ಚಳಿ ಶುರುವಾಗಿತ್ತು. ಆಮೇಲೆ ಸಹಿಯಿಲ್ಲದ ಹಾಳೆಯನ್ನು ವಕೀಲರ ಕಡೆ ತಳ್ಳಿದಳು.

"ನಿಮ್ಮ ಒಪ್ಪಿಗೆ ಇರ್ಲಿಲ್ಲ ಅಪ್ಪಾ. ನಾನು ಸಹಿ ಹಾಕಲ್ಲ."