ಜೇನು ಕೋಣೆಯ ದೊಬ್ರಾವ

ನಂಬೋದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ನೀವು ಇದುವರೆಗೆ ಕೇಳಿದ ಕತೆಗಳೆಲ್ಲ ಇದರ ಮುಂದೆ ಸಪ್ಪೆ ಸಾರು!

ಬಹಳ ಹಿಂದೆ, ಬಿಳಿ ತೊಗಟೆಯ ಮರಗಳ ಬೆರೆಜಾನ ರಾಜ್ಯದಲ್ಲಿ ಯಾರೋಮಿರನೆಂಬ ಹರೆಯದ ದೊರೆಯಿದ್ದ. "ನಮ್ಮಮ್ಮ ಕಡಲಾಚೆಯ ಚಕ್ರವರ್ತಿಯ ಮಗಳು, ಗೊತ್ತಾ?" ಎಂದು ಸರದಾರರ ಮುಂದೆ ಮೀಸೆ ತಿರುವುತ್ತಿದ್ದ. ನಿಜಕ್ಕೂ ಅವನ ತಾಯಿ ದೊಬ್ರಾವ, ಅರಮನೆಯ ಜೇನು ಕೋಣೆಯ ಕೀಲಿ ಕಾಯುವ ದಾಸಿ. ತೀರಿಹೋದ ದೊರೆ ಅವಳ ಕೈ ಹಿಡಿದದ್ದು ಗುಟ್ಟಾಗಿ. ಮಗ ಅವಳೆದುರು ಮುಖ ತಿರುಗಿಸಿಕೊಂಡು ನಡೆಯುತ್ತಿದ್ದ.

ಒಂದು ದಿನ ಹಿಮದ ಮಾಂತ್ರಿಕ ಸ್ತುದೇನ ಬಂದ. ಬೇಸಿಗೆಯನ್ನು ಚಿನ್ನದ ಹಕ್ಕಿಯಂತೆ ಹಿಡಿದು ಚೀಲಕ್ಕೆ ತುಂಬಿದ. ಅದನ್ನು ಕಾಯಲು, ಎಂದೂ ತಪ್ಪು ಮಂದಿಗೆ ಬಾಗಿಲು ತೆಗೆಯದ ದೊಬ್ರಾವಳನ್ನೇ ಹೊತ್ತೊಯ್ದ. ಅವಳ ಹಣೆಗೆ ಉಫ್ ಎಂದು ಊದಿದ. ಕೀಲಿ ಕಾಯುವುದೊಂದನ್ನು ಬಿಟ್ಟು ಅವಳಿಗೆ ಎಲ್ಲ ಮರೆತುಹೋಯಿತು. ಹೊಲಗಳೆಲ್ಲ ಹೆಪ್ಪುಗಟ್ಟಿ ಗಾಜಾದವು.

"ಅವಳ ಕೂದಲೆಲ್ಲ ಹಿಮವಾದರೆ ಅಮ್ಮನೂ ಇಲ್ಲ, ಬೇಸಿಗೆಯೂ ಇಲ್ಲ," ಎಂದು ಗಾಳಿ ಯಾರೋಮಿರನ ಕಿವಿಯಲ್ಲಿ ಉಸುರಿತು.

ಸರದಾರರನ್ನು ಕಟ್ಟಿಕೊಂಡು ಅವನು ಹೊರಟ. ಬಿಳಿ ತೋಳ ಅಡ್ಡ ಬಂತು. ಕಿವಿ ಹಿಡಿದು ಅದನ್ನೇ ಏರಿದ. ನದಿ ಮಂಜುಗಡ್ಡೆಯ ಗೋಡೆಯಾಗಿ ಎದ್ದು ನಿಂತಿತು. ಅಮ್ಮ ಹಾಡುತ್ತಿದ್ದ ಜೋಗುಳ ಗುನುಗಿದ, ಗೋಡೆ ಆಕಳಿಸಿ ಮಲಗಿತು. ಆಚೆಗೆ ಗುಡ್ಡದಲ್ಲೊಂದು ಬಾಗಿಲು. ಯಾರೋಮಿರ ತಟ್ಟಿದ.

"ಯಾರು?" ದೊಬ್ರಾವಳ ದನಿ.

"ಬೆರೆಜಾನದ ದೊರೆ!"

"ದೊರೆ ಆದರೇನು? ಆಚೆ ನಿಲ್ಲಪ್ಪ."

"ತೋಳ ಪಳಗಿಸಿದ ವೀರ!"

"ಹಾಗಾದರೆ ಬಾಗಿಲು ತೆಗೆಯೋಕೆ ತೋಳಕ್ಕೇ ಹೇಳು."

ಕಿಂಡಿಯಲ್ಲಿ ಇಣುಕಿದ. ಅವಳ ಜಡೆಯಲ್ಲಿ ಕಪ್ಪು ಎಳೆ ಒಂದೇ ಉಳಿದಿತ್ತು. ಚಿಕ್ಕಂದಿನಲ್ಲಿ ಜೇನು ಕೋಣೆಯ ಬಾಗಿಲಲ್ಲಿ ಏನೆಂದು ಕೂಗುತ್ತಿದ್ದನೋ ಅದು ಅವನ ನಾಲಗೆ ತುದಿಗೆ ಬಂತು. ಆದರೆ ಬೆನ್ನ ಹಿಂದೆ ಸರದಾರರು ಕಿವಿ ನೆಟ್ಟು ನಿಂತಿದ್ದರು.

"ಅಮ್ಮಾ, ನಾನು! ಜೇನು ಕದಿಯೋ ಕರಡಿ!"

ಸರದಾರ ಗೋದಿಮಿರ ಕಿಸಕ್ಕನೆ ನಕ್ಕ. "ಚಕ್ರವರ್ತಿ ಮಗಳು ಇವರೇನಾ, ಪ್ರಭು?"

"ಹೂಂ, ಈ ಕೀಲಿಯವಳೇ ನಮ್ಮಮ್ಮ. ನಗೋದಿದ್ದರೆ ಈಗಲೇ ನಕ್ಕುಬಿಡು!"

ಒಳಗೆ ಕೀಲಿ ತಿರುಗಿತು. "ಬಂದೆಯಾ ಕಳ್ಳ? ಕಾಲು ಒರೆಸಿಕೊಂಡು ಬಾ."

ಚೀಲದ ಬಾಯಿ ಬಿಚ್ಚಿದ್ದೇ ತಡ, ಬೇಸಿಗೆ ರೆಕ್ಕೆ ಬಡಿಯುತ್ತ ಹಾರಿತು. ತಡೆಯಲು ಓಡಿಬಂದ ಸ್ತುದೇನನ ಗಡ್ಡ ಕರಗಿತು, ಮೈ ಕರಗಿತು. ಉಳಿದ ನೀರಲ್ಲಿ ಬಾತುಕೋಳಿಗಳು ಈಜಿದವು.

ದೊಬ್ರಾವ ಸೊಂಟದ ಕೀಲಿಗೊಂಚಲಿನ ಸಮೇತ ರಾಜಮಾತೆಯ ಪೀಠದಲ್ಲಿ ಕೂತಳು. ಹೊಲ ತೂಗಿತು, ಊರು ನಕ್ಕಿತು.

ಯಾರೋಮಿರನಿಗೆ ಕೊನೆಗೆ ಸಿಕ್ಕಿದ್ದು, ಜೇನು ಕೋಣೆಯ ಬಾಗಿಲ ಸಂದಿಯಿಂದ ಅಮ್ಮ ಚಾಚಿದ, ಜೇನು ಸವರಿದ ಒಂದು ಬಿಸಿ ರೊಟ್ಟಿ.