ಸುಲಭದ ಭಾಷೆ ಯಾವುದು, ಸರ್?

"ಎಲ್ಲಕ್ಕಿಂತ ಸುಲಭದ ಭಾಷೆ ಯಾವುದು, ಸರ್?"

ಅವಳು ಕೇಳಿದ್ದು ಇಷ್ಟೇ. ಹಿಂದೆ ಸಾಲಿನಲ್ಲಿದ್ದ ಕಾಲೇಜು ಹುಡುಗಿಯರಿಬ್ಬರು ಕಿಸಕ್ಕನೆ ನಕ್ಕರು. ಕಂಪ್ಯೂಟರ್ ತರಬೇತಿ ಕೇಂದ್ರದ ಆ ಇಕ್ಕಟ್ಟಿನ ಕೋಣೆಯಲ್ಲಿ, ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಮೇಜಿನಾಚೆ ಕುಳಿತಿದ್ದ ಮೇಷ್ಟ್ರು ಮಾತ್ರ ನಗಲಿಲ್ಲ. ಅರ್ಜಿ ಬಿಟ್ಟು ಅವಳ ಮುಖವನ್ನೇ ನೋಡಿದರು. ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದರು.

"ಕೇಳೋದ್ರಲ್ಲಿ ತಪ್ಪೇನು? ಪ್ರೋಗ್ರಾಂ ಬರೆಯೋ ಭಾಷೆಗಳು ನೂರಾರಿವೆ. ಇಲ್ಲಿ ಎರಡು ಕಲಿಸ್ತೀವಿ. ಪೈಥಾನ್ ಮೂರು ತಿಂಗಳು, ಸಿ ಒಂದು ವರ್ಷ."

"ನಾನು ಮೊದಲು ಯಾವುದು ಕಲೀಲಿ?"

ಅವರು ಅರ್ಜಿಯನ್ನು ತಮ್ಮತ್ತ ಎಳೆದುಕೊಂಡರು.

"ಸಿ... ಅದು ನಾನೇ ಕಲಿಸೋದು. ಬುನಾದಿ ಗಟ್ಟಿಯಾಗುತ್ತೆ."

ಅವಳು ನಂಬಿದಳು.

ಮದುವೆಯಾಗದೆ ಅಣ್ಣ-ಅತ್ತಿಗೆಯ ಜೊತೆಗಿದ್ದ ಮೂವತ್ಮೂರರ ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಮುನ್ನೂರು ಪುಟದ ಪುಸ್ತಕದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೆ ಅಲ್ಲಿನ ಯಜಮಾನರು ಹೇಳಿಬಿಟ್ಟಿದ್ದರು, "ಇನ್ಮೇಲೆ ತಿದ್ದೋದೆಲ್ಲ ಕಂಪ್ಯೂಟರೇ ಮಾಡುತ್ತಮ್ಮ. ಅದರ ಹತ್ರ ಕೆಲಸ ಮಾಡಿಸೋಕೆ ಕಲಿತರೆ ಇರು."

ಅತ್ತಿಗೆ ಧೈರ್ಯ ತುಂಬಿದ್ದಳು. "ಈ ವಯಸ್ಸಿಗೆ ತಲೆಗೇನು ತುಕ್ಕು ಹಿಡಿಯುತ್ತಾ? ಹೋಗೇ ಸುಮ್ಮನೆ."

ತುಕ್ಕೇ ಹಿಡಿದಿತ್ತು ಅನ್ನಿಸಿತು ಅವಳಿಗೆ. ನಾಲ್ಕು ತಿಂಗಳಾದರೂ ಸಿ ಕಬ್ಬಿಣದ ಕಡಲೆಯೇ. ಒಂದು ಸೆಮಿಕೋಲನ್ ಬಿಟ್ಟರೂ ಪರದೆಯ ತುಂಬ ತಪ್ಪುಗಳ ಪಟ್ಟಿ. ವಿರಾಮಚಿಹ್ನೆಯನ್ನೇ ನಂಬಿ ಅನ್ನ ತಿಂದವಳು ತಾನು... ಥೂ!

ಮೇಷ್ಟ್ರು ಪಕ್ಕದ ಕುರ್ಚಿ ಎಳೆದುಕೊಂಡು ಹತ್ತನೇ ಸಲವೂ ಬೇಸರವಿಲ್ಲದೆ ಹೇಳಿಕೊಡುತ್ತಿದ್ದರು. ಆ ಮೆಲುದನಿಗೆ ಅವಳ ಎದೆ ಕರಗುತ್ತಿತ್ತು. ಮರುಕ್ಷಣವೇ ನಾಚಿಕೆ.

'ಪಾಪ ದಡ್ಡಿ ಅಂತ ಕನಿಕರ ಪಡ್ತಿದ್ದಾರೆ. ನಾನು ಏನೇನೋ ಅಂದ್ಕೊಳ್ತಿದ್ದೀನಿ...'

ಪರೀಕ್ಷೆಯ ದಿನ ಕೈ ಓಡಲಿಲ್ಲ. ಪಕ್ಕದ ಹುಡುಗಿ ಬರೆದದ್ದನ್ನು ಕದ್ದು ನೋಡಿ ಹಾಗೆಯೇ ಇಳಿಸಿದಳು. ಮರುದಿನ ಮೇಷ್ಟ್ರು ಅದನ್ನು ಇಡೀ ತರಗತಿಗೆ ತೋರಿಸಿ ಹೊಗಳಿದರು. ಪಕ್ಕದ ಹುಡುಗಿ ತಿರುಗಿ ನೋಡಿ, ತಾನೂ ಚಪ್ಪಾಳೆ ತಟ್ಟಿದಳು. ಅದೇ ಹೆಚ್ಚು ಚುಚ್ಚಿತು.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವಳು ಮೇಷ್ಟ್ರ ಮೇಜಿನ ಮುಂದೆ ನಿಂತಳು.

"ಸರ್... ಅದು ನಾನು ಬರೆದಿದ್ದಲ್ಲ. ನಕಲು ಮಾಡಿದೆ."

"ಗೊತ್ತು."

"ಗೊತ್ತಿದ್ದೂ ಹೊಗಳಿದ್ರಾ?"

"ಇಲ್ಲದಿದ್ರೆ ನೀವು ಕಲಿಯೋದೇ ಬಿಟ್ಟು ಹೋಗ್ತೀರೇನೋ ಅಂತ ಹೆದರಿದೆ." ಅವರು ತಲೆ ತಗ್ಗಿಸಿದರು. "ತಪ್ಪು ನನ್ನದು. ನಿಮ್ಮ ಕೆಲಸಕ್ಕೆ ಬೇಕಾಗಿದ್ದಿದ್ದು ಪೈಥಾನ್. ಅವತ್ತು ಅರ್ಜಿ ನೋಡಿದಾಗಲೇ ಗೊತ್ತಿತ್ತು ನನಗೆ."

"ಮತ್ತೆ ಸಿ ಯಾಕೆ ಹೇಳಿದ್ರಿ?"

"ಪೈಥಾನ್ ಬೇರೆಯವರು ಕಲಿಸ್ತಾರೆ. ನನ್ನ ತರಗತಿಗೆ ಬಂದ್ರೆ... ಒಂದು ವರ್ಷ ನಿಮ್ಮನ್ನ ನೋಡಬಹುದಲ್ಲ ಅಂತ."

ಯಾವ ಮಾತಿಗಾಗಿ ಅವಳು ಒಳಗೊಳಗೇ ಕಾದಿದ್ದಳೋ ಅದೇ ಮಾತು. ಆದರೆ ಸಂತೋಷವಾಗಲಿಲ್ಲ. ಮೈ ಉರಿಯಿತು.

"ನಾಲ್ಕು ತಿಂಗಳು ನಾನು ದಡ್ಡಿ ಅಂತ ಕನ್ನಡಿ ನೋಡೋಕೂ ನಾಚ್ತಿದ್ದೆ, ಸರ್. ನೀವು ಅದನ್ನ ಪಕ್ಕದಲ್ಲೇ ಕೂತು ನೋಡಿದ್ರಿ."

ಅವರು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ವಾರದ ಮೇಲೆ ಪಕ್ಕದ ಕುರ್ಚಿಯ ಹುಡುಗಿಯೇ ಅಚ್ಚುಕೂಟಕ್ಕೆ ಬಂದಳು. ಇವಳು ಮೊದಲು ನಕಲು ಮಾಡಿದ್ದಕ್ಕೆ ಅವಳ ಕ್ಷಮೆ ಕೇಳಿದಳು. ಹುಡುಗಿ ನಕ್ಕು, "ಬಿಡಿ ಅಕ್ಕ. ಮೇಷ್ಟ್ರು ಏನು ಮಾಡಿದ್ರು ಗೊತ್ತಾ? ಎಲ್ಲರ ಮುಂದೆ ನಿಂತು, 'ಸ್ವಾರ್ಥಕ್ಕೆ ಒಬ್ಬರಿಗೆ ತಪ್ಪು ದಾರಿ ತೋರಿಸಿದೆ, ಅವರು ದಡ್ಡರಲ್ಲ' ಅಂದ್ರು. ನಿಮ್ಮ ಸೀಟು ಪೈಥಾನ್‌ಗೆ ಬದಲಾಯಿಸಿ ಅಂತ ಮುಖ್ಯಸ್ಥರಿಗೂ ಬರೆದುಕೊಟ್ಟಿದ್ದಾರೆ. ಅದಕ್ಕೇ ಮುಖ್ಯಸ್ಥರು ಹೊಸಬರಿಗೆ ಸಲಹೆ ಕೊಡೋ ಮೇಜಿಂದ ಮೇಷ್ಟ್ರನ್ನ ಎಬ್ಬಿಸಿದ್ರು," ಎಂದಳು.

ಅವಳು ಹಟಕ್ಕೆ ಬಿದ್ದು ಪೈಥಾನ್‌ಗೆ ಸೇರಿದಳು. ಸಿಯಲ್ಲಿ ಪಟ್ಟ ಪಾಡಿನಿಂದಲೋ ಏನೋ, ಸಲೀಸಾಗಿ ತಲೆಗೆ ಹತ್ತಿತು. ಮೂರನೇ ತಿಂಗಳಿಗೆ, ಕರಡಿನಲ್ಲಿ ಎರಡೆರಡು ಸಲ ಬಂದ ಪದಗಳನ್ನು ಹುಡುಕಿ ತೋರಿಸುವ ಪ್ರೋಗ್ರಾಂ ಬರೆದಳು. ಯಜಮಾನರು ಕನ್ನಡಕ ಏರಿಸಿ ನೋಡಿ, "ನೀನು ಎಲ್ಲೂ ಹೋಗೋ ಹಾಗಿಲ್ಲ," ಅಂದರು.

ಆ ಸಂಜೆ ಅತ್ತಿಗೆಯನ್ನು ಅಪ್ಪಿಕೊಂಡು, ಮೇಷ್ಟ್ರ ವಿಷಯವನ್ನೂ ಹೇಳಿಬಿಟ್ಟಳು. ಆದರೂ ಈ ಸುದ್ದಿ ಹೇಳಬೇಕಾದವರು ಇನ್ನೊಬ್ಬರಿದ್ದಾರೆ ಅಂತ ಮನಸ್ಸು ಚಡಪಡಿಸಿತು.

ಮರುದಿನ ಅವಳೇ ಹೋದಳು. ಖಾಲಿ ತರಗತಿಯಲ್ಲಿ ಹಲಗೆ ಒರೆಸುತ್ತಿದ್ದ ಮೇಷ್ಟ್ರು ಅವಳನ್ನು ಕಂಡು ಹಾಗೆಯೇ ನಿಂತರು.

"ಕೆಲಸ ಉಳೀತು," ಅಂದಳು.

"ಕ್ಷಮೆ ಕೇಳೋ ಮುಖ ನನಗಿಲ್ಲ..."

"ಕೇಳಬೇಡಿ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಆದ್ರೆ ನಾಲ್ಕು ತಿಂಗಳು ನಾನೂ ಬರೀ ಪಾಠಕ್ಕೆ ಬರ್ತಿರಲಿಲ್ಲ. ಅದನ್ನ ಹೇಳದೆ ಹೋದ್ರೆ ಇನ್ನೊಂದು ಮೋಸ ಆಗುತ್ತೆ."

ಅವರ ಕಣ್ಣು ತುಂಬಿತು. ಸೀಮೆಸುಣ್ಣ ಮೆತ್ತಿದ ಕೈಯಲ್ಲೇ ಒರೆಸಿಕೊಂಡರು, ಕೆನ್ನೆಯೆಲ್ಲ ಬೆಳ್ಳಗಾಯಿತು.

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗಿನ ತುದಿ ಮುಂದೆ ಚಾಚಿದಳು.

"ಒರೆಸ್ಕೊಳ್ಳಿ. ಸಿಟ್ಟು ಇಳಿಯೋವರೆಗೂ ಕಾಯ್ತೀರಾ?"

"ಎಷ್ಟು ದಿನ ಆದ್ರೂ."

"ಹಾಗಾದ್ರೆ ನಾಳೆ ಮನೆಗೆ ಬನ್ನಿ. ಅತ್ತಿಗೆ ನೋಡಬೇಕಂತೆ."