ಬರಿಗೈಯಲ್ಲಿ ತಂದ ಕೆಂಡ

ಬಹಳ ಹಿಂದೆ, ಬೆಟ್ಟಗಳ ನಡುವೆ ಕುಳಿರುನಾಡು ಎಂಬ ರಾಜ್ಯವಿತ್ತು. ಹೆಸರಿಗೆ ತಕ್ಕ ಚಳಿ. ದೀಪಾವಳಿ ಕಳೆಯಿತೆಂದರೆ ಗಾಳಿ ದಿಕ್ಕು ಬದಲಿಸುತ್ತಿತ್ತು. ಆಗ ಅರಮನೆಯ ರಾಜನೂ ಕಿರೀಟದ ಕೆಳಗೆ ಕುಲಾವಿ ಹಾಕಿಕೊಳ್ಳುತ್ತಿದ್ದ. ಜನ ಗೋಡೆಯ ಬಿರುಕಿಗೆ ಹೊಟ್ಟು ಕಲಸಿದ ಮಣ್ಣು ಮೆತ್ತುತ್ತಿದ್ದರು, ಸೂರಿನ ಸಂದಿಗೆ ಹುಲ್ಲು ತುರುಕುತ್ತಿದ್ದರು, ಬಾಗಿಲಿಗೆ ದಪ್ಪ ಕಂಬಳಿ ಇಳಿಬಿಡುತ್ತಿದ್ದರು. ಅಷ್ಟೆಲ್ಲ ಮಾಡಿದರೂ ಒಲೆ ಆರಿದರೆ ಮನೆ ಮನೆಯಲ್ಲ, ಗುಹೆ.

ಅದಕ್ಕೇ ಆ ನಾಡಿನಲ್ಲಿ ಎರಡು ಕಟ್ಟಳೆ ಇದ್ದವು. ಕೆಂಡ ಕೇಳಿ ಬಂದವರಿಗೆ ಇಲ್ಲ ಅನ್ನಬಾರದು. ಕೆಂಡ ಒಯ್ಯಲು ಬೋಕಿಯನ್ನು, ಅಂದರೆ ಒಡೆದ ಮಡಕೆಯ ಚೂರನ್ನು, ಕೇಳುವವರೇ ತರಬೇಕು. ಇದು ಮೊದಲನೆಯದು. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯಲ್ಲಿರುವ ಕೆಂಡ ಮಾತ್ರ, ಕೂಸಿಗೆ ಹೆಸರಿಡುವ ತನಕ, ಹೊಸ್ತಿಲು ದಾಟಬಾರದು. ಇದು ಎರಡನೆಯದು. ಮೊದಲನೆಯದನ್ನು ಜನ ಹೆಮ್ಮೆಯಿಂದ ಪಾಲಿಸುತ್ತಿದ್ದರು, ಎರಡನೆಯದನ್ನು ಭಯದಿಂದ.

ಭಯಕ್ಕೆ ಕಾರಣ ಬಿಳಿಬೆಟ್ಟದ ತುದಿಯಲ್ಲಿದ್ದ ಶೀತಕೇತು ಎಂಬ ಮಾಂತ್ರಿಕ. ಅವನ ಮೈಯಲ್ಲಿ ರಕ್ತವಿರಲಿಲ್ಲ, ಕರಗಿದ ಮಂಜು ಹರಿಯುತ್ತಿತ್ತು. ಬಾಣಂತಿ ಕೋಣೆಯ ಕೆಂಡ ಸುತ್ತಲೂ ಇದ್ದರೆ ಮಾತ್ರ ಅವನು ಬದುಕಿರಬಲ್ಲ. ಕದ್ದು ತಂದರೆ ಕೆಂಡ ಅವನ ಕೈಯಲ್ಲಿ ಆರಿಹೋಗುತ್ತಿತ್ತು. ಹಾಗಾಗಿ ಚಳಿಗಾಲ ಬಂತೆಂದರೆ ವೇಷ ಮರೆಸಿಕೊಂಡು ಊರೂರು ಅಲೆದು, ಬೋಕಿ ಒಡ್ಡಿ ಬೇಡುತ್ತಿದ್ದ. ಅವನು ಕೆಂಡ ಪಡೆದ ಮನೆಗಳಲ್ಲಿ ಮತ್ತೆ ಬೆಂಕಿ ಹೊತ್ತುತ್ತಿರಲಿಲ್ಲ. ತೊಟ್ಟಿಲುಗಳು ಖಾಲಿಯಾಗುತ್ತಿದ್ದವು. ರಾಜ ಸೈನ್ಯ ಕಳಿಸಿದ್ದ. ಹೋದವರೆಲ್ಲ ಬೆಟ್ಟದ ದಾರಿಯಲ್ಲಿ ಕತ್ತಿ ಹಿರಿದ ಹಾಗೆಯೇ ಮಂಜುಗಲ್ಲಾಗಿ ನಿಂತರು.

ಬೆಟ್ಟದ ಬುಡದ ಹಳ್ಳಿಯಲ್ಲಿ ಮಾಳವ್ವ ಎಂಬ ಕಂಬಳಿ ನೇಯುವ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಮ್ಮ ಅಮೋಘಿ, ಅವನ ಹೆಂಡತಿ ಲಗಮವ್ವ, ಇಷ್ಟೇ ಅವಳ ಬಳಗ. ಚಳಿಗೆ ಮೊದಲೇ ಅಮೋಘಿ ಕುರಿಮಂದೆ ಹೊಡೆದುಕೊಂಡು ಬಯಲುಸೀಮೆಗೆ ಇಳಿದಿದ್ದ. ಬಸುರಿ ಹೆಂಡತಿಯನ್ನು ಅಕ್ಕನ ಕೈಗೊಪ್ಪಿಸಿ, ಮನೆ ಬೆಚ್ಚಗಿಡು ಎಂದಷ್ಟೇ ಹೇಳಿ ಹೋಗಿದ್ದ. ಅವನು ಹೋದ ಮೇಲೆ ಲಗಮವ್ವ ಹೆಣ್ಣು ಕೂಸು ಹೆತ್ತಳು.

ಮಾಳವ್ವ ಕೆಲಸದಲ್ಲಿ ಗಟ್ಟಿಗಿತ್ತಿ. ಆದರೆ ತನ್ನ ಮನೆಯ ಬಾಗಿಲಿಂದ ಖಾಲಿ ಬೋಕಿ ಹಿಂದಿರುಗಿದ್ದೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಒಂದು ಚಪಲ ಅವಳಿಗಿತ್ತು. ಒಳ್ಳೆಯತನಕ್ಕೆ ಡಂಗುರ ಹೊಡೆದರೆ ಕೆಟ್ಟವರ ಕಿವಿಗೂ ಅದು ಬೀಳುತ್ತದೆ.

ಒಂದು ಮಧ್ಯಾಹ್ನ ಬಾಣಂತಿಗೂ ಕೂಸಿಗೂ ಎರೆದು ಮಲಗಿಸಿ, ಮಗ್ಗದ ಮುಂದೆ ಕೂತ ಮಾಳವ್ವ ಅಡುಗೆಮನೆಯ ಒಲೆಯನ್ನು ಮರೆತಳು. ಅದು ಆರಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕ ಬೋಕಿ ಹಿಡಿದು ನಿಂತಿದ್ದ. ಹಲ್ಲು ಕಟಕಟ ಅನ್ನುತ್ತಿದ್ದವು.

“ಒಂದ್ ಕೆಂಡ ಕೊಡವ್ವಾ. ಕೈಕಾಲು ಸೆಟದಾವು,” ಎಂದ.

ಒಲೆ ಆರಿದೆ, ಮುಂದಿನ ಮನೆಗೆ ಹೋಗು ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಲ್ಲ ಅನ್ನಲು ಮಾಳವ್ವನಿಗೆ ನಾಲಗೆ ಏಳಲಿಲ್ಲ. ಒಂದೇ ಒಂದು ಕೆಂಡ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಳು. ಮಲಗಿದ್ದ ಬಾಣಂತಿಯ ಪಕ್ಕದ ಅಗ್ಗಿಷ್ಟಿಕೆಯಿಂದ ಒಂದು ಕೆಂಡ ಎತ್ತಿ ಮುದುಕನ ಬೋಕಿಗೆ ಹಾಕಿದಳು. ಮುದುಕ ನಕ್ಕ. ಅವನು ಹೋದ ಮೇಲೆ ನೋಡಿದರೆ, ನಿಂತಿದ್ದ ಜಾಗದಲ್ಲಿ ಎರಡು ಹೆಜ್ಜೆಗಳು ಮಂಜುಗಟ್ಟಿದ್ದವು.

ಒಳಗೆ ಅಗ್ಗಿಷ್ಟಿಕೆ ಆರಿತ್ತು. ಮಾಳವ್ವ ಚಕಮಕಿ ಕುಟ್ಟಿದಳು, ಕಿಡಿ ಹಾರಲಿಲ್ಲ. ಅಕ್ಕಪಕ್ಕದವರು ಕೆಂಡ ತಂದರು, ಹೊಸ್ತಿಲು ದಾಟಿದ ಕೂಡಲೇ ಇದ್ದಿಲಾಯಿತು. ಕೂಸನ್ನು ಎತ್ತಿಕೊಂಡು ಪಕ್ಕದ ಕೆಂಚಮ್ಮನ ಮನೆಗೆ ಓಡಿದಳು. ಕೂಸು ಒಳಗೆ ಬಂದದ್ದೇ ತಡ, ಕೆಂಚಮ್ಮನ ಒಲೆಯೂ ಆರಿತು, ಹೊರಗೆ ಹೋದ ಮೇಲೆಯೇ ಹೊತ್ತಿಕೊಂಡಿತು. ಆಮೇಲೆ ಒಂದೊಂದೇ ಮನೆಯ ಬಾಗಿಲು ಮುಚ್ಚಿತು. ಮಕ್ಕಳೊಂದಿಗರು ನಾವು, ಬೇಡ ಎಂದು ಕೈಮುಗಿದರು. ಅವರನ್ನು ಬೈದು ಏನು ಪ್ರಯೋಜನ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಮಾಳವ್ವನಿಗೆ ಬುದ್ಧಿ ಬಂತು, ಒಲೆ ಮಾತ್ರ ಉರಿಯಲಿಲ್ಲ.

ಬೆಳಗಾಗುವ ಹೊತ್ತಿಗೆ ಗೋಡೆಯ ಒಳಮೈಗೆ ಮಂಜು ಹತ್ತಿತ್ತು. ಕೂಸಿನ ತುಟಿ ನೀಲಿಯಾಗಿತ್ತು. ಅಳುವ ಶಕ್ತಿಯೂ ಅದಕ್ಕಿರಲಿಲ್ಲ. ಮಾಳವ್ವ ಬಾಣಂತಿಯ ಕಾಲ ಬಳಿ ಕೂತು, ಮಾಡಿದ್ದನ್ನು ಮುಚ್ಚಿಡದೆ ಹೇಳಿದಳು. ಲಗಮವ್ವ ಕೂಸನ್ನು ಬರಿಯ ಎದೆಗೆ ಒತ್ತಿ, ಇದ್ದಬದ್ದ ಕಂಬಳಿಗಳನ್ನು ಮೇಲೆ ಎಳೆದುಕೊಂಡಳು.

“ಕೊಟ್ಟಾಕಿ ನೀನು. ತರಾಕಿನೂ ನೀನ ಅಕ್ಕಾ. ನನ್ನ ಮೈಯಾಗ ಬಿಸಿ ಇರೂತನಾ ಇದನ್ನ ಇಟ್ಕೊಂಡಿರ್ತೀನಿ,” ಎಂದಳು.

ಮಾಳವ್ವ ತನ್ನ ಕೈಯಾರೆ ನೇಯ್ದ ಕಂಬಳಿ ಹೊದ್ದು ಹೊರಟಳು. ಕೆಂಚಮ್ಮ ಬಾಗಿಲು ತೆರೆದು, ಮುಖ ಎತ್ತಲಾರದೆ, ಬಿಸಿ ಬೂದಿ ತುಂಬಿದ ಬೋಕಿಯೊಂದನ್ನು ಅವಳ ಕೈಗಿಟ್ಟಳು. ದಾರಿಯಲ್ಲಿ ಕೈ ಕಾಯಿಸಿಕೊಳ್ಳಲಿಕ್ಕಾದರೂ ಆಗಲಿ ಎಂದಳು.

ಬೆಟ್ಟದ ಮೊದಲ ತಿರುವಿನಲ್ಲಿ ಒಂದು ಬಿಳಿ ತೋಳ ಅಡ್ಡ ಮಲಗಿತ್ತು. ಅದರ ಮೈಮೇಲೆ ಒಂದು ಕೂದಲೂ ಇರಲಿಲ್ಲ, ಮಾಂತ್ರಿಕ ಎಲ್ಲವನ್ನೂ ಬೋಳಿಸಿದ್ದ. ಸುತ್ತ ಮಂಜುಗಲ್ಲಾದ ಸೈನಿಕರು ನಿಂತಿದ್ದರು. ಈ ದಾರಿಯಲ್ಲಿ ಹೋಗುವವರು ಬೆಚ್ಚನೆಯದೊಂದನ್ನು ಬಿಟ್ಟು ಹೋಗಬೇಕು ಎಂದಿತು ತೋಳ. ಮಾಳವ್ವ ಕಂಬಳಿ ತೆಗೆದು ಅದಕ್ಕೆ ಹೊದಿಸಿದಳು. ತೋಳ ದಾರಿ ಬಿಟ್ಟಿತು.

ಮೇಲೆ ಹೆಪ್ಪುಗಟ್ಟಿದ ಕೆರೆ. ಅದರ ನಡುವೆ ಗುಡಿಯಷ್ಟು ದೊಡ್ಡ ಆಮೆ ಕಾವಲಿತ್ತು. ಬೆಚ್ಚನೆಯದೊಂದನ್ನು ಬಿಟ್ಟು ಹೋಗಬೇಕು ಎಂದಿತು ಅದು. ಮಾಳವ್ವನ ಬಳಿ ಉಳಿದದ್ದು ಬೂದಿಯ ಬೋಕಿ ಒಂದೇ. ಬೂದಿ ತಗೋ, ಬೋಕಿ ಬಿಡು ಎಂದು ಬೇಡಿಕೊಂಡಳು. ಆಮೆ ಕೇಳಲಿಲ್ಲ, ಬೂದಿಯ ಜೊತೆ ಬೋಕಿಯನ್ನೂ ನುಂಗಿ ಕಣ್ಣು ಮುಚ್ಚಿತು.

ತುದಿಯಲ್ಲಿ ಶೀತಕೇತುವಿನ ಮನೆ. ಒಳಗೆ ಎಲ್ಲಿ ನೋಡಿದರೂ ಬೋಕಿಗಳು, ಪ್ರತಿ ಬೋಕಿಯಲ್ಲೂ ಯಾರದೋ ಮನೆಯ ಕೆಂಡ. ಅಷ್ಟು ಬೆಂಕಿಯ ನಡುವೆಯೂ ಅವನು ಕುಗ್ಗಿ ಕೂತು ನಡುಗುತ್ತಿದ್ದ. ಹತ್ತುವಾಗಲೆಲ್ಲ ಮಾಳವ್ವ ಒಂದೇ ವಿಚಾರ ಮಾಡಿದ್ದಳು: ಇವನು ಕದಿಯಲಿಲ್ಲ, ಕೇಳಿ ಪಡೆದ. ಕಟ್ಟಳೆಯಿಂದ ಬದುಕಿದವನನ್ನು ಕಟ್ಟಳೆಯೇ ಕಟ್ಟಿಹಾಕಬೇಕು. ಅವಳು ಒಳಗೆ ಕಾಲಿಡಲಿಲ್ಲ, ಹೊಸ್ತಿಲಾಚೆಯೇ ನಿಂತಳು.

“ಅಜ್ಜಾ, ಕೆಂಡ ಕೇಳಾಕ ಬಂದೀನಿ,” ಎಂದಳು.

ಶೀತಕೇತುವಿನ ಮುಖ ಬಿಳುಚಿತು. ಇಲ್ಲ ಅನ್ನಲು ಬಾಯಿ ತೆರೆದ, ಮಾತು ಹೊರಡಲಿಲ್ಲ. ಇಲ್ಲ ಎಂದರೆ ಅವನು ಕೇಳಿ ಪಡೆದದ್ದೆಲ್ಲ ಆ ಕ್ಷಣವೇ ಆರುತ್ತಿತ್ತು. ಆಮೇಲೆ ಅವಳ ಖಾಲಿ ಕೈ ಕಂಡು ಅವನಿಗೆ ಜೀವ ಬಂತು.

“ಬೋಕಿ ಎಲ್ಲಿ? ಬೋಕಿ ಇಲ್ದವರಿಗೆ ಕೆಂಡ ಇಲ್ಲ. ಅದೂ ಕಟ್ಟಳೇನ.”

ಮಾಳವ್ವ ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ ಒಡ್ಡಿದಳು.

“ಇದ ನನ್ನ ಬೋಕಿ. ಹಾಕು.”

ಅವನು ಬಹಳ ಹೊತ್ತು ಆ ಕೈಗಳನ್ನೇ ನೋಡಿದ. ನೂಲು ಹಿಡಿದು ಬೆರಳ ತುದಿ ನುಣುಪಾದ ಕೈಗಳು. ಬೇರೆ ದಾರಿಯಿಲ್ಲದೆ ಒಂದು ಕೆಂಡ ಎತ್ತಿದ. ಇದು ನಿನ್ನ ಮನೆಯದಲ್ಲ, ಹೋದ ವರ್ಷ ಸತ್ತ ಒಂದು ಕೂಸಿನ ಮನೆಯದು ಎಂದು ಹಲ್ಲು ಕಿರಿದ. ನೆಲ ಮುಟ್ಟಿದರೆ ಆರುತ್ತದೆ ಎಂದೂ ಹೇಳಿದ. ಮಾಳವ್ವನ ಕಣ್ಣಲ್ಲಿ ನೀರು ಬಂತು. ಯಾರ ಮನೆಯದಾದರೂ ಸರಿ, ಬಿಸಿಯಿದ್ದರೆ ಸಾಕು ಎಂದಳು. ಅವನು ಹಾಕಿದ.

ಇಳಿಯುವ ದಾರಿಯನ್ನು ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಿಸುತ್ತ ಬಂದಳು. ಕೆರೆಯ ಮೇಲೆ ಅವಳು ಕಿರುಚಿದ್ದು ಕೇಳಿ ಆಮೆ ತಲೆ ಒಳಗೆಳೆದುಕೊಂಡಿತು. ತಿರುವಿನಲ್ಲಿ ತೋಳ ಎದ್ದು, ಅವಳ ಕಂಬಳಿ ಹೊದ್ದುಕೊಂಡೇ, ಊರಿನ ತನಕ ಜೊತೆಗೆ ನಡೆದು ಬಂತು. ಅಷ್ಟು ಹೊತ್ತಿಗೆ ಕೈಗಳು ನೋಯುವುದನ್ನು ಬಿಟ್ಟಿದ್ದವು, ಅದೇ ಅವಳಿಗೆ ಹೆಚ್ಚು ಹೆದರಿಕೆಯಾದದ್ದು.

ಮಾಳವ್ವ ಹೊರಟಾಗ ಹೇಗಿದ್ದಳೋ ಹಾಗೆಯೇ ಲಗಮವ್ವ ಕೂತಿದ್ದಳು, ತುಟಿಯಲ್ಲಿ ರಕ್ತವಿರಲಿಲ್ಲ. ಮಾಳವ್ವ ಕೆಂಡವನ್ನು ಅಗ್ಗಿಷ್ಟಿಕೆಗೆ ಸುರಿದಳು. ಶೀತಕೇತು ತನ್ನ ಕೈಯಿಂದ ಕೊಟ್ಟದ್ದನ್ನು ಅವನ ಮಾಯೆ ಆರಿಸಲಾರದು. ಕೆಂಡ ಇದ್ದಿಲಿಗೆ ಹತ್ತಿತು. ಗೋಡೆಯ ಮಂಜು ನೀರಾಗಿ ಇಳಿಯಿತು. ಕಾದರು, ಇನ್ನೂ ಕಾದರು. ಕೊನೆಗೆ ಕಂಬಳಿಯೊಳಗಿಂದ ಬೆಕ್ಕಿನ ಮರಿಯ ಹಾಗೆ ಸಣ್ಣದೊಂದು ಅಳು ಕೇಳಿತು.

ಸುದ್ದಿ ನಾಡೆಲ್ಲ ಹಬ್ಬಿತು. ಒಬ್ಬಳಿಗೆ ಇಲ್ಲ ಅನ್ನಲಾರದವನು ಯಾರಿಗೆ ತಾನೆ ಅಂದಾನು? ಜನ ಬೋಕಿ ಹಿಡಿದು ಬೆಟ್ಟ ಹತ್ತಿದರು. ತೋಳ, ಆಮೆಗಳಿಗೆಂದು ಕಂಬಳಿ, ಬಿಸಿ ಬೂದಿ ಬೇರೆ ಒಯ್ದರು. ತೊಟ್ಟಿಲು ಖಾಲಿಯಾದ ಮನೆಯವರೂ ಬಂದರು. ರಾಜನೂ ಸಾಲಿನಲ್ಲಿ ನಿಂತಿದ್ದನಂತೆ. ನಾನು ನಂಬುವುದಿಲ್ಲ, ಅವನ ಪರವಾಗಿ ಯಾರೋ ನಿಂತಿರಬೇಕು. ಶೀತಕೇತು ಕೊಟ್ಟ, ಕೊಟ್ಟ, ಕೊಡುತ್ತಲೇ ಇದ್ದ. ಕೊನೆಯ ಕೆಂಡ ಹೊಸ್ತಿಲು ದಾಟಿದಾಗ, ಚಾಚಿದ ಕೈ ಚಾಚಿದ ಹಾಗೆಯೇ ಮರಗಟ್ಟಿ ಸತ್ತ. ಸೈನಿಕರು ಕರಗಿ ಎಚ್ಚೆತ್ತರು, ತೋಳಕ್ಕೆ ಕೂದಲು ಬಂತು. ಸತ್ತ ಕೂಸುಗಳು ಮಾತ್ರ ಮರಳಲಿಲ್ಲ. ಕತೆಯಾದರೂ ಅಷ್ಟು ಸುಳ್ಳು ಹೇಳಬಾರದು. ಇದ್ದವರು ಬೆಚ್ಚಗೆ, ಸುಖವಾಗಿ ಬಾಳಿದರು.

ಮಾಳವ್ವ ಮತ್ತೆ ಮಗ್ಗಕ್ಕೆ ಕೂರಲಿಲ್ಲ. ಗಾಯ ಮಾಯಿತು, ಆದರೆ ಅಂಗೈಗೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಹೆಸರಿಡುವ ದಿನ ಕುರಿಮಂದೆಯೊಡನೆ ಮರಳಿದ್ದ ಅಮೋಘಿ ಅಕ್ಕನ ಕೈ ನೋಡಿ, ಅವಳನ್ನು ತೊಟ್ಟಿಲ ಪಕ್ಕ ಕೂರಿಸಿದ. ಲಗಮವ್ವ ಎದ್ದು ಬಂದು ಕೂಸನ್ನು ಆ ಕೈಗಳ ಮೇಲೆಯೇ ಮಲಗಿಸಿದಳು. ಮಾಳವ್ವನಿಗೆ ಕೂಸಿನ ಭಾರ ಮಾತ್ರ ತಿಳಿಯಿತು. ಗಾಬರಿಯಾಗಿ, ಬಗ್ಗಿ, ಅದರ ಹೊಟ್ಟೆಗೆ ಕೆನ್ನೆ ಇಟ್ಟಳು. ಬೆಚ್ಚಗಿತ್ತು.